ಹನ್ನೊಂದು ಮಿಲಿಮೀಟರ್

ಕುನೆಯೊ ಬಯಲಿನ ಹಳೆಯ ರೇಷ್ಮೆಮನೆಯಲ್ಲಿ
ಹುಳುಗಳು ಎಂದೋ ಖಾಲಿಮಾಡಿದ ತಟ್ಟೆಗಳ ಕೆಳಗೆ
ಅದು ಸಿಕ್ಕಿತು. ಕಾರು ಅಂತ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು:
ಹಿಂದಿನ ಸೀಟಿನಲ್ಲಿ ಮೂರು ಕೋಳಿ,
ಸ್ಟೀರಿಂಗಿಗೆ ನೇತುಬಿಟ್ಟ ಬೆಳ್ಳುಳ್ಳಿಯ ಜಡೆ,
ಹೆಡ್‌ಲೈಟಿನ ಗುಳಿಯಲ್ಲಿ ಇಲಿಯ ಸಂಸಾರ.

"ಒಯ್ಯಿರಿ," ಅಂದಳು ಮನೆಯೊಡತಿ ಜೆರ್ಮಾನಾ,
"ಹಿಂದಿನ ಸೀಟು ಮಾತ್ರ ಇಲ್ಲೇ ಇರಲಿ.
ಇವು ಬೇರೆಲ್ಲೂ ಮೊಟ್ಟೆಯಿಡುವುದಿಲ್ಲ."
ಬೆಲೆಯ ಮಾತಿಗೆ ಹತ್ತು ನಿಮಿಷ,
ಸೀಟಿನ ಮಾತಿಗೆ ಎರಡು ಗಂಟೆ.

ಇಂಥವು ಹುಟ್ಟಿದ್ದೇ ನಾಲ್ಕು.
ಕಾರ್ಖಾನೆ ಕೊಟ್ಟದ್ದು ಎಲುಬು, ಎಂಜಿನ್, ಗಾಲಿ.
ಮೈ ಕೊಟ್ಟದ್ದು ಟುರಿನ್ನಿನ ಒಂದು ಓಣಿ:
ಅಕ್ರೋಟ ಮರದ ಕೊರಡಿನ ಮೇಲೆ
ಅಲ್ಯುಮಿನಿಯಂ ಹಾಳೆಯಿಟ್ಟು, ನಕ್ಷೆಯಿಲ್ಲದೆ,
ರೊಟ್ಟಿ ತಟ್ಟುವವರ ಹಾಗೆ
ತಿರುಗಿಸಿ ತಿರುಗಿಸಿ ಬಡಿದವರು.

ಮೊದಲ ಚಳಿಗಾಲ ಪೂರ್ತಿ ಬಿಚ್ಚಿದ್ದೇ ಬಿಚ್ಚಿದ್ದು.
ತಿರುಪುಗಳೆಲ್ಲ ಟೊಮ್ಯಾಟೊ ಡಬ್ಬಿಗಳಲ್ಲಿ, ಚೀಟಿ ಅಂಟಿಸಿ.
ಒಳಗಿನ ಮರದ ಚೌಕಟ್ಟನ್ನು ಒತ್ತಿದರೆ
ಬೆರಳಿಗೆ ಬರೀ ಹುರಿಹಿಟ್ಟು.
ಕಪ್ಪಿನ ಕೆಳಗೆ ಹಸಿರು, ಹಸಿರಿನ ಕೆಳಗೆ ಮತ್ತೆ ಕಪ್ಪು;
ಹುಟ್ಟಿದ ಬಣ್ಣ ಕೊನೆಗೆ ಸಿಕ್ಕಿದ್ದು ಗಡಿಯಾರದ ಹಿಂದೆ,
ಉಗುರಗಲ:
ಬದನೆ ಹೂವಿನ ಬಣ್ಣ.
ಆ ದಿನ ಕೆಲಸ ನಿಲ್ಲಿಸಿ ಸುಮ್ಮನೆ ಕೂತೆ.

ಆಮೇಲೆ ಅಳತೆ. ಎಡಗಡೆಯ ಮಡ್‌ಗಾರ್ಡು
ಬಲದ್ದಕ್ಕಿಂತ ಹನ್ನೊಂದು ಮಿಲಿಮೀಟರ್ ಉದ್ದ.
ಮೂರು ಸಲ ಅಳೆದೆ. ಹನ್ನೊಂದೇ.
ಜ್ಯೂರಿಕ್ಕಿನ ಯಜಮಾನರು ಬರೆದರು:
"ಎರಡೂ ಒಂದೇ ಸಮ ಇರಲಿ, ನೀವೆಸ್.
ದುಡ್ಡು ಕೊಡುತ್ತಿರುವುದು ಅದಕ್ಕೇ."

ಉಲ್ದೆರಿಕೊ ಬಸ್ಸಿನಲ್ಲಿ ಬಂದ. ಎಂಬತ್ತಾರು.
ಎರಡು ಕಿವಿಗಳನ್ನೂ ಸುತ್ತಿಗೆಗೆ ಕೊಟ್ಟವನು.
ಟೇಪು ಚಾಚಿದರೆ ಮುಟ್ಟಲಿಲ್ಲ;
ಕಣ್ಣು ಮುಚ್ಚಿ ತಗಡಿನ ಮೇಲೆ ಅಂಗೈ ಎಳೆದ,
ಕೇಳಿಸಿಕೊಳ್ಳುತ್ತಿದ್ದಾನೆ ಅನ್ನಿಸಿತು.
"ಎಡ ನನ್ನದು. ಬಲ ನನ್ನ ತಮ್ಮ ಫಿಯೊರೆಂಜೊನದು.
ಆ ವರ್ಷ ನಮಗೆ ಮಾತಿರಲಿಲ್ಲ."
ಯಾಕೆ ಅಂತ ಕೇಳಿದ್ದು ಅವನಿಗೆ ಕೇಳಿಸಲಿಲ್ಲ,
ಅಥವಾ ಕೇಳಿಸಿತು.
ಎತ್ತು ಏರಿಗೆ, ಕೋಣ ನೀರಿಗೆ,
ನಡುವೆ ಒಂದು ಕಾರು.

ಬಲಬಾಗಿಲಿನ ತೊಗಲು ಸುಲಿದಾಗ
ಒಳಮೈಯಲ್ಲಿ ಸೀಸದ ಕಡ್ಡಿಯ ಬರಹ,
ಊರಿನ ಆಡುಮಾತಿನಲ್ಲಿ, ಕಾಗುಣಿತ ತಪ್ಪಿ:
ನನ್ನದು ಸರಿ ಇದೆ. ನಿನ್ನದು ಅಳೆದು ನೋಡು.

ಉಲ್ದೆರಿಕೊ ಕನ್ನಡಕ ಒರೆಸಿ ಓದಿದ.
ಮತ್ತೆ ಒರೆಸಿ ಓದಿದ.
ಆಗ ಟೇಪು ಕೇಳಿದ.
ಮಂಡಿಯೂರಿ, ಒಂದು ಕೊನೆ ನನ್ನ ಕೈಗೆ ಕೊಟ್ಟು
ಎಡ ಅಳೆದ, ಬಲ ಅಳೆದ, ಚಕ್ರದ ನಡುವಿನಿಂದ ಅಳೆದ,
ಏಳಲು ನನ್ನ ಭುಜ ಹಿಡಿದ.
"ಅವನು ಸರಿ," ಅಂದ. "ಹಾಳಾದವನು."

ಫಿಯೊರೆಂಜೊ ಇರುವುದು ಅರ್ಜೆಂಟೀನಾದ ರೊಸಾರಿಯೊದಲ್ಲಿ.
ಫೋನು ಹಚ್ಚಿಕೊಟ್ಟೆ. ಆ ಕಡೆಯೂ ಅದೇ ಕಸುಬಿನ ಕಿವಿ.
"ಹನ್ನೊಂದು!" ಇವನು ಕೂಗಿದ.
"ಯಾರು ಸತ್ತರು?" ಅವನು ಕೂಗಿದ.
"ಹನ್ನೊಂದು! ನೀನೇ ಸರಿ!"
"ಗಂಟೆ ಇಲ್ಲಿ ಇನ್ನೂ ಏಳು!"
ಶೆಡ್ಡಿನ ತಗಡೆಲ್ಲ ಸಣ್ಣಗೆ ಗುನುಗಿದವು.
ಅರ್ಧ ಗಂಟೆ ಹೀಗೇ. ಒಬ್ಬರದೊಬ್ಬರಿಗೆ ಮುಟ್ಟಿತೋ ಇಲ್ಲವೋ,
ಫೋನು ಇಡಲು ಇಬ್ಬರಿಗೂ ಮನಸ್ಸಿರಲಿಲ್ಲ.

ನಾನು ಎಡವನ್ನು ಕತ್ತರಿಸಲಿಲ್ಲ.
ಬಿಲ್ಲಿನಲ್ಲಿ ಬೇರೆಯೇ ಒಂದು ಸಾಲು ಬರೆದೆ:
ಹನ್ನೊಂದು ಮಿಲಿಮೀಟರ್, ಮೂಲದ್ದು, ಶುಲ್ಕವಿಲ್ಲ.
ಬಾಗಿಲಿನ ಬರಹದ ಮೇಲೆ ಬಣ್ಣ ಹೊಡೆಯದೆ
ತೊಗಲು ಮುಚ್ಚಿ ಹೊಲಿದೆ.

ಹಿಂದಿನ ಸೀಟಿನ ವಿಷಯ ಹೇಳಬೇಕು.
ಅದೇ ಅಳತೆಗೆ ಹೊಸದೊಂದು ಕೂರಿಸಿ
ಜೆರ್ಮಾನಾಳ ಅಂಗಳಕ್ಕೆ ಒಯ್ದು ಇಟ್ಟೆ, ಅದಲುಬದಲಿಗೆ.
ಕೋಳಿಗಳು ಸುತ್ತ ಒಂದು ಸಲ ಬಂದವು,
ಕುಕ್ಕಿ ನೋಡಿದವು, ಹೊರಟುಹೋದವು.

ಹಾಗಾಗಿ ಜ್ಯೂರಿಕ್ಕಿಗೆ ಹೋಗುವುದು ನನ್ನದು.
ಅಸಲು ಇನ್ನೂ ರೇಷ್ಮೆಮನೆಯಲ್ಲೇ ಇದೆ, ಬೆಚ್ಚಗೆ.